ಲಾರಿ ಹಾಗೂ ಸರಕು ಕಟ್ಟೆಗಳಿಂದ ಹಮಾಲರು ಬೀಳುವುದನ್ನು ತಡೆಗಟ್ಟುವುದು ಮತ್ತು ಪರಿಹಾರ ಕೋರುವ ಕ್ರಮ

ದಾವಣಗೆರೆ ನಗರದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣ, ದಲ್ಲಾಳಿ ಅಂಗಡಿಗಳು, ಅಕ್ಕಿ ಗಿರಣಿಗಳು, ಮಂಡಕ್ಕಿ ಭಟ್ಟಿಗಳು ಹಾಗೂ ಹರಿಹರದ ಗೋದಾಮುಗಳಲ್ಲಿ ಸರಕನ್ನು ಲಾರಿಗೆ ಏರಿಸುವ ಮತ್ತು ಇಳಿಸುವ ಕಾರ್ಯವನ್ನು ಬಹುಮಟ್ಟಿಗೆ ಹಮಾಲರೇ ನಿರ್ವಹಿಸುತ್ತಾರೆ. ಮಳೆಗಾಲದ ಬೆಳೆ ಕೈಸೇರಿದ ನಂತರ ಮೆಕ್ಕೆಜೋಳದ ಆವಕ ಹೆಚ್ಚುತ್ತದೆ. ಭದ್ರಾ ನಾಲೆಯ ಅಚ್ಚುಕಟ್ಟು ಪ್ರದೇಶದ ಭತ್ತವು ಮಳೆಗಾಲದ ಬೆಳೆಯಾಗಿ ಒಮ್ಮೆ, ಬೇಸಿಗೆ ಬೆಳೆಯಾಗಿ ಮತ್ತೊಮ್ಮೆ ಮಾರುಕಟ್ಟೆಗೆ ಬರುತ್ತದೆ. ಕೂಲಿಯು ಚೀಲದ ಲೆಕ್ಕದಲ್ಲಿ ದೊರೆಯುವುದರಿಂದ ಈ ದಿನಗಳಲ್ಲಿ ಕೆಲಸದ ವೇಗವು ಸಹಜವಾಗಿಯೇ ಏರುತ್ತದೆ. ಲಾರಿಯ ಮೇಲಿನಿಂದ ಬೀಳುವ ಸಂಭವವೂ ಅದರೊಡನೆ ಹೆಚ್ಚುತ್ತದೆ.

ಇಂತಹ ಅಪಘಾತವನ್ನು "ಕಾಲು ಜಾರಿತು" ಎಂಬ ಒಂದು ಮಾತಿನಲ್ಲಿ ಮುಗಿಸುವ ರೂಢಿಯಿದೆ. ಬಿದ್ದವನ ಅಜಾಗರೂಕತೆಯೇ ಕಾರಣವೆಂಬ ಅರ್ಥ ಆ ಮಾತಿನಲ್ಲಿ ಅಡಗಿದೆ. ವಾಸ್ತವವಾಗಿ ಜಾರುವ ಹಲಗೆ, ಇಲ್ಲದ ಏಣಿ, ಸವೆದ ಹಗ್ಗ ಇವು ಆ ದಿನ ಬೆಳಿಗ್ಗೆಯೂ ಅಲ್ಲಿಯೇ ಇದ್ದವು. ಅವುಗಳನ್ನು ಸರಿಪಡಿಸುವ ಅಧಿಕಾರ ಹಮಾಲನಿಗೆ ಇರುವುದಿಲ್ಲ.

ಎತ್ತರ ಮತ್ತು ಪೆಟ್ಟು

ಸಾಮಾನ್ಯ ಲಾರಿಯ ತಳದ ಹಲಗೆಯು ನೆಲದಿಂದ ಸುಮಾರು ನಾಲ್ಕರಿಂದ ಐದು ಅಡಿ ಎತ್ತರದಲ್ಲಿರುತ್ತದೆ. ಪೂರ್ತಿ ಹೇರಿದ ಸರಕಿನ ಮೇಲ್ಭಾಗವು ಹನ್ನೊಂದು ಹನ್ನೆರಡು ಅಡಿ ತಲುಪುತ್ತದೆ. ನಾಲ್ಕೂಕಾಲು ಅಡಿಯಿಂದ ಬೀಳುವ ವ್ಯಕ್ತಿಯು ಸುಮಾರು ಅರ್ಧ ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 18 ಕಿ.ಮೀ. ಆಗಿರುತ್ತದೆ. ಹನ್ನೊಂದೂವರೆ ಅಡಿಯಿಂದ ಬಿದ್ದಲ್ಲಿ ಈ ವೇಗ ಗಂಟೆಗೆ ಸುಮಾರು 30 ಕಿ.ಮೀ. ಅಷ್ಟು ಅಲ್ಪ ಸಮಯದಲ್ಲಿ ಸಾವರಿಸಿಕೊಳ್ಳುವುದು ಅನುಭವಸ್ಥನಿಗೂ ಸಾಧ್ಯವಿಲ್ಲ. ಬೆನ್ನ ಮೇಲೆ 50 ಕಿಲೋ ಸಿಮೆಂಟ್ ಚೀಲವೋ 45 ಕಿಲೋ ಯೂರಿಯಾ ಚೀಲವೋ ಇದ್ದರೆ ಅದೂ ಅವನ ಮೇಲೆಯೇ ಬೀಳುತ್ತದೆ. ಆದ್ದರಿಂದ ಲಾರಿಯ ತಳದಿಂದ ಬೀಳುವುದನ್ನೂ ಸಣ್ಣ ಬೀಳುವಿಕೆಯೆಂದು ಭಾವಿಸತಕ್ಕದ್ದಲ್ಲ.

ಬೀಳುವ ಸಂದರ್ಭಗಳು

ಮೂಟೆ ಹೊರುವಾಗ ಮಾತ್ರ ಅಪಾಯವಿದೆಯೆಂಬ ಭಾವನೆ ಸರಿಯಲ್ಲ. ಸರಕು ತುಂಬಿದ ನಂತರ ತಾಡಪಾಲು ಹೊದಿಸಿ ಹಗ್ಗ ಬಿಗಿಯುವಾಗ ಮೇಲೆ ನಿಂತವನು ದೇಹದ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆಯುತ್ತಾನೆ. ಹಗ್ಗ ತುಂಡಾದರೆ ಅಥವಾ ಕೊಕ್ಕೆಯಿಂದ ಕಳಚಿದರೆ ಅವನು ಬೆನ್ನು ಕೆಳಗಾಗಿ ಬೀಳುತ್ತಾನೆ. ಬೆನ್ನುಮೂಳೆ ಹಾಗೂ ತಲೆಗೆ ಪೆಟ್ಟಾಗುವುದು ಈ ರೀತಿ ಬಿದ್ದಾಗ.

ಮಂಡಕ್ಕಿ ಹೇರುವ ಲಾರಿಗಳ ಬಗ್ಗೆ ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಚೀಲ ಹಗುರವೆಂಬ ಕಾರಣಕ್ಕೆ ಈ ಕೆಲಸವನ್ನು ಸುಲಭವೆಂದು ಪರಿಗಣಿಸಲಾಗುತ್ತದೆ. ಆದರೆ ಹಗುರವಾದ ಕಾರಣದಿಂದಲೇ ಚೀಲಗಳನ್ನು ಬಹಳ ಎತ್ತರಕ್ಕೆ ಪೇರಿಸಲಾಗುತ್ತದೆ, ಅವು ಲಾರಿಯ ಅಂಚಿನಿಂದ ಹೊರಕ್ಕೂ ಚಾಚಿರುತ್ತವೆ ಮತ್ತು ಕಾಲಿಟ್ಟಲ್ಲಿ ಕುಸಿಯುತ್ತವೆ. ಮೇಲೆ ನಿಂತವನಿಗೆ ಅಂಚು ಎಲ್ಲಿದೆಯೆಂಬುದೇ ತಿಳಿಯುವುದಿಲ್ಲ.

ಪ್ಲಾಸ್ಟಿಕ್ ನೇಯ್ಗೆಯ ಚೀಲವು ಗೋಣಿಚೀಲಕ್ಕಿಂತ ಹೆಚ್ಚು ಜಾರುತ್ತದೆ. ಮಳೆ ಹನಿ ಬಿದ್ದರಂತೂ ಅದರ ಮೇಲೆ ಕಾಲು ನಿಲ್ಲುವುದಿಲ್ಲ. ಉದುರಿದ ಮೆಕ್ಕೆಜೋಳದ ಕಾಳು ಹಲಗೆಯ ಮೇಲೆ ಪಾದದಡಿ ಉರುಳುತ್ತದೆ. ಕಟ್ಟೆಗೂ ಲಾರಿಗೂ ನಡುವೆ ಅಂತರ ಉಳಿದಿರುವುದು, ಕೆಲಸ ಮುಗಿಯುವ ಮುನ್ನವೇ ಚಾಲಕನು ಲಾರಿ ಚಲಾಯಿಸುವುದು, ಇಳಿಯಲು ಆತುರಪಟ್ಟು ಮೇಲಿನಿಂದ ಜಿಗಿಯುವುದು ಇವೂ ಕಾರಣಗಳಾಗಿವೆ.

ಮಾಲೀಕರು ಹಾಗೂ ವರ್ತಕರು ಕೈಗೊಳ್ಳಬೇಕಾದ ಕ್ರಮಗಳು

ಲಾರಿಗೆ ಹತ್ತಲು ಚಕ್ರ ಅಥವಾ ಬಾಗಿಲಿನ ಕೊಂಡಿಯನ್ನು ಮೆಟ್ಟಿಲಾಗಿ ಬಳಸುವ ಪದ್ಧತಿಯನ್ನು ನಿಲ್ಲಿಸತಕ್ಕದ್ದು. ಪ್ರತಿಯೊಂದು ಅಂಗಡಿ ಹಾಗೂ ಗೋದಾಮಿನಲ್ಲಿ ಮೇಲ್ತುದಿಗೆ ಕೊಕ್ಕೆಯಿರುವ, ತಳಕ್ಕೆ ರಬ್ಬರ್ ಹೊಂದಿದ ಒಂದು ಏಣಿ ಇರತಕ್ಕದ್ದು. ಏಣಿಯ ಮೇಲೆ ಮೂಟೆ ಹೊತ್ತು ಹತ್ತಬಾರದು. ಎರಡೂ ಕೈಗಳು ಹಿಡಿತಕ್ಕೆ ಬಿಡುವಾಗಿರಬೇಕು. ಮೂಟೆ ಸಾಗಿಸಲು ಹಾಕುವ ಹಲಗೆಯು ಒಬ್ಬನು ಸಲೀಸಾಗಿ ನಡೆಯುವಷ್ಟು ಅಗಲವಿದ್ದು, ಅಡ್ಡಪಟ್ಟಿಗಳನ್ನು ಹೊಂದಿದ್ದು, ಎರಡೂ ತುದಿಯಲ್ಲಿ ಕದಲದಂತೆ ಕಟ್ಟಿರಬೇಕು. ಸರಕು ಕಟ್ಟೆಯ ಅಂಚಿಗೆ ಹಳದಿ ಬಣ್ಣ ಬಳಿಯುವುದು, ಸಂಜೆಯ ನಂತರ ಕೆಲಸವಿದ್ದಲ್ಲಿ ದೀಪ ಒದಗಿಸುವುದು, ಕಾಳನ್ನು ಆಗಾಗ್ಗೆ ಗುಡಿಸಿಸುವುದು ಕಡಿಮೆ ಖರ್ಚಿನ ಕೆಲಸಗಳು. ಒಂದು ಏಣಿಯ ಬೆಲೆಯನ್ನು ಒಂದು ಲಾರಿ ಮೆಕ್ಕೆಜೋಳದ ಬೆಲೆಯೊಡನೆ ಹೋಲಿಸಿದಲ್ಲಿ ಈ ವಿಷಯದಲ್ಲಿ ಹಣದ ಅಡಚಣೆಯ ಮಾತು ನಿಲ್ಲಲಾರದು.

ಹಗ್ಗವನ್ನು ಸಾಧ್ಯವಾದಷ್ಟು ನೆಲದ ಮೇಲೆ ನಿಂತು ಬಿಗಿಯತಕ್ಕದ್ದು. ಮೇಲೇರುವುದು ಅನಿವಾರ್ಯವಾದಲ್ಲಿ ಅಂಚಿಗೆ ಬೆನ್ನು ಮಾಡಿ ಎಳೆಯಬಾರದು. ಲಾರಿಯ ಬೀಗದ ಕೈಯನ್ನು ಕೆಲಸ ಮುಗಿಯುವವರೆಗೆ ಹಮಾಲರ ಮೇಸ್ತ್ರಿಯ ವಶಕ್ಕೆ ನೀಡುವುದು ಉತ್ತಮ ಕ್ರಮ. ಇದಕ್ಕೆ ಯಾವ ವೆಚ್ಚವೂ ಇಲ್ಲ.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದ್ದು, ಕೆಲಸದ ಸ್ಥಳವನ್ನು ಅಪಾಯರಹಿತವಾಗಿ ಇಡುವುದು ಅದರ ವ್ಯಾಪ್ತಿಗೆ ಒಳಪಡುವ ಸಂಸ್ಥೆಗಳ ಮಾಲೀಕರ ಕರ್ತವ್ಯವಾಗಿದೆ.

ಅಪಘಾತವಾದ ಕೂಡಲೇ

ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಕೂರಿಸುವುದು ಅಪಾಯಕರ. ಬೆನ್ನುಮೂಳೆಗೆ ಪೆಟ್ಟಾಗಿದ್ದಲ್ಲಿ ಅದರಿಂದಲೇ ಕಾಲುಗಳು ಶಾಶ್ವತವಾಗಿ ಸ್ವಾಧೀನ ಕಳೆದುಕೊಳ್ಳಬಹುದು. ಮಲಗಿದ ಸ್ಥಿತಿಯಲ್ಲಿಯೇ ಇರಿಸಿ 108ಕ್ಕೆ ಕರೆ ಮಾಡತಕ್ಕದ್ದು.

ಆಸ್ಪತ್ರೆಯಲ್ಲಿ "ಮನೆಯಲ್ಲಿ ಬಿದ್ದದ್ದು" ಎಂದು ಬರೆಸುವಂತೆ ಕೆಲವೊಮ್ಮೆ ಸಲಹೆ ನೀಡಲಾಗುತ್ತದೆ. ಇದನ್ನು ಒಪ್ಪಬಾರದು. ಕೆಲಸದ ವೇಳೆಯಲ್ಲಿ ಇಂತಹ ಸ್ಥಳದಲ್ಲಿ, ಇಂತಹ ಲಾರಿಯಿಂದ ಬಿದ್ದದ್ದೆಂದು ವೈದ್ಯಕೀಯ ದಾಖಲೆಯಲ್ಲಿ ನಮೂದಾಗಬೇಕು. ಮೊದಲ ದಿನದ ಈ ಒಂದು ಸಾಲು ಇಲ್ಲದಿದ್ದಲ್ಲಿ ಮುಂದೆ ಪರಿಹಾರದ ಅರ್ಜಿ ದುರ್ಬಲವಾಗುತ್ತದೆ.

ಪರಿಹಾರ

1923ರ ಕಾಯ್ದೆಯಡಿ ದೊರೆಯುತ್ತಿದ್ದ ನೌಕರರ ಪರಿಹಾರವು ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಸೇರಿದೆ. ಮರಣ ಸಂಭವಿಸಿದಲ್ಲಿ ಮಾಸಿಕ ವೇತನದ ಶೇ. 50ನ್ನು, ಪೂರ್ಣ ಶಾಶ್ವತ ಅಂಗವಿಕಲತೆಯಲ್ಲಿ ಶೇ. 60ನ್ನು ವಯಸ್ಸಿಗೆ ಅನುಗುಣವಾದ ಗುಣಕದಿಂದ ಗುಣಿಸಲಾಗುತ್ತದೆ. ಉದಾಹರಣೆಗೆ, 35 ವರ್ಷದವರಿಗೆ ಗುಣಕ 197.06. ಮಾಸಿಕ ವೇತನ ರೂ. 12,000 ಎಂದಾದಲ್ಲಿ ಮರಣ ಪರಿಹಾರ ರೂ. 11,82,360, ಪೂರ್ಣ ಅಂಗವಿಕಲತೆಗೆ ರೂ. 14,18,832. ಈ ಮೊತ್ತಗಳನ್ನು ತಿಳಿಯದೆ ಹತ್ತಿಪ್ಪತ್ತು ಸಾವಿರಕ್ಕೆ ಕಾಗದದ ಮೇಲೆ ಸಹಿ ಹಾಕುವ ಕುಟುಂಬಗಳು ಒಮ್ಮೆ ಯೋಚಿಸುವುದು ಒಳಿತು.

ವಿಚಾರಣೆಯಲ್ಲಿ ಮೊದಲು ಏಳುವ ಪ್ರಶ್ನೆ, ಆ ದಿನ ಹಮಾಲನು ಯಾರ ಕೆಲಸದಲ್ಲಿದ್ದ ಎಂಬುದು. ವರ್ತಕರು ಲಾರಿಯವರನ್ನು, ಲಾರಿಯವರು ಗುತ್ತಿಗೆದಾರರನ್ನು ತೋರಿಸುವುದುಂಟು. ತನ್ನ ವ್ಯಾಪಾರಕ್ಕೆ ಸೇರಿದ ಕೆಲಸವನ್ನು ಗುತ್ತಿಗೆದಾರನ ಮೂಲಕ ಮಾಡಿಸಿದರೂ ಮೂಲ ಮಾಲೀಕನ ಹೊಣೆ ತಪ್ಪುವುದಿಲ್ಲವೆಂಬುದು ಕಾನೂನಿನ ನಿಲುವು. ಆದುದರಿಂದ ತೂಕದ ಚೀಟಿ, ಲಾರಿಯ ನೋಂದಣಿ ಸಂಖ್ಯೆ, ಮೇಸ್ತ್ರಿಯ ಲೆಕ್ಕದ ಪುಸ್ತಕದ ಪ್ರತಿ, ಮಾರುಕಟ್ಟೆ ಸಮಿತಿ ನೀಡಿದ ಹಮಾಲಿ ಲೈಸೆನ್ಸ್ ಹಾಗೂ ಜೊತೆಯಲ್ಲಿದ್ದವರ ಹೆಸರುಗಳನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಮೋಟಾರು ವಾಹನ ಕಾಯ್ದೆಯಡಿಯೂ ಅವಕಾಶವಿರುವ ಪ್ರಕರಣದಲ್ಲಿ ಎರಡರಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳಬಹುದು. ಇ.ಎಸ್.ಐ. ವಿಮೆ ಹೊಂದಿದ ಗಿರಣಿ ಕಾರ್ಮಿಕರು ಮಾಲೀಕರ ಬದಲು ಇ.ಎಸ್.ಐ. ನಿಗಮದಿಂದ ಸೌಲಭ್ಯ ಪಡೆಯತಕ್ಕದ್ದು. ಲಾರಿ ಮಾಲೀಕರು ತಮ್ಮ ವಿಮಾ ಪಾಲಿಸಿಯಲ್ಲಿ ಹಮಾಲರ ಬಾಬ್ತು ಸೇರಿದೆಯೇ ಎಂಬುದನ್ನು ನವೀಕರಣದ ವೇಳೆಯಲ್ಲಿಯೇ ನೋಡಿಕೊಳ್ಳಬೇಕು.

ಹರಿಹರದಲ್ಲಿ ವಾಸವಿದ್ದು ತುಂಗಭದ್ರಾ ನದಿಯಾಚೆಯ ಕುಮಾರಪಟ್ಟಣಕ್ಕೆ ಕೆಲಸಕ್ಕೆ ಹೋಗುವವರಲ್ಲಿ ಒಂದು ಗೊಂದಲವಿದೆ. ಕುಮಾರಪಟ್ಟಣವು ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿಗೆ ಸೇರಿದೆ. ಆದರೂ ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿ ಮಾತ್ರವಲ್ಲದೆ ಅರ್ಜಿದಾರರು ವಾಸವಿರುವ ಸ್ಥಳದ ಸಕ್ಷಮ ಪ್ರಾಧಿಕಾರದ ಮುಂದೆಯೂ ಸಲ್ಲಿಸಬಹುದಾಗಿದೆ. ಗಾಯಾಳುವಿನ ಮನೆಯವರು ಸೇತುವೆ ದಾಟಿ ರಾಣೇಬೆನ್ನೂರಿಗೆ ಅಲೆಯಬೇಕಾದ ಅಗತ್ಯವಿಲ್ಲ.

ಅಸಂಘಟಿತ ಕಾರ್ಮಿಕರಾಗಿ ನೋಂದಾಯಿಸಿಕೊಳ್ಳದ ಹಮಾಲರು ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಪುಸ್ತಕ ಹಾಗೂ ಮೊಬೈಲ್ ಸಂಖ್ಯೆಯೊಂದಿಗೆ ಸಮೀಪದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಇ-ಶ್ರಮ್ ನೋಂದಣಿ ಮಾಡಿಸಬಹುದು. ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರ ವರ್ಗವೂ ಸೇರಿದ್ದು, ಅರ್ಜಿ ಹಾಗೂ ಲಗತ್ತಿಸಬೇಕಾದ ದಾಖಲೆಗಳ ವಿವರವನ್ನು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕಚೇರಿ ವೇಳೆಯಲ್ಲಿ ಅಥವಾ ಕಾರ್ಮಿಕ ಸಹಾಯವಾಣಿ 155214ರಲ್ಲಿ ಪಡೆಯಬಹುದಾಗಿದೆ.