ಸಕ್ಕರೆ ಕಾಯಿಲೆಗೆಂದು ಹುಡುಕಿದ ಎಲೆ

ಕಾಶಿ ಕಣಗಿಲೆಗೆ ಯಾರೂ ಅಷ್ಟಾಗಿ ಆರೈಕೆ ಮಾಡುವುದಿಲ್ಲ. ಕಾಂಪೌಂಡಿನ ಬುಡದಲ್ಲಿ, ದೇವಸ್ಥಾನದ ಹಿತ್ತಲಿನಲ್ಲಿ, ಕಲ್ಲುಸಂದಿಯಲ್ಲಿ ತಾನೇ ಹುಟ್ಟಿ ವರ್ಷವಿಡೀ ಬಿಳಿಯೋ ನಸುನೇರಳೆಯೋ ಹೂ ಬಿಡುತ್ತಿರುತ್ತದೆ. ಮಡಗಾಸ್ಕರ್ ಇದರ ತವರು. ಅಲ್ಲಿಂದ ಬಿಸಿಲ ನಾಡುಗಳಿಗೆಲ್ಲ ಹಬ್ಬಿದ ಈ ಗಿಡ ಹಲವು ಕಡೆ ಸಕ್ಕರೆ ಕಾಯಿಲೆಗೆ ಮದ್ದು ಎಂಬ ಹೆಸರನ್ನೂ ಗಳಿಸಿತು. ಜಮೈಕಾದಲ್ಲಿ ಎಲೆ ಕುದಿಸಿ ಕುಡಿಯುತ್ತಿದ್ದರು. ನಮ್ಮಲ್ಲೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಇದರ ಎಲೆ ಅಗಿಯುವವರಿದ್ದಾರೆ.

1952ರಲ್ಲಿ ಜಮೈಕಾದಿಂದ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಒಂದು ಲಕೋಟೆ ಬಂತು. ಒಳಗಿದ್ದದ್ದು ಈ ಗಿಡದ 25 ಎಲೆಗಳು. ಇನ್ಸುಲಿನ್ ಕಂಡುಹಿಡಿದ ಟೊರಾಂಟೊ ತಂಡದ ಒಡನಾಡಿಯಾಗಿದ್ದ ಕ್ಲಾರ್ಕ್‌ಗೆ ಸಕ್ಕರೆ ಕಾಯಿಲೆಯ ಮದ್ದೆಂದರೆ ಕುತೂಹಲ ಸಹಜ. ಅವರು ಎಲೆಗಳನ್ನು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ತಮ್ಮ ರಾಬರ್ಟ್‌ಗೆ ಕಳಿಸಿಕೊಟ್ಟರು.

ರಾಬರ್ಟ್ ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿ ನೋಡಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಕೆಲಸ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅದೇ ಸಾರವನ್ನು ರಕ್ತನಾಳಕ್ಕೆ ಚುಚ್ಚಿದಾಗ ಇಲಿಗಳು ಒಂದು ವಾರದೊಳಗೆ ಸತ್ತವು. ಸತ್ತ ಇಲಿಯನ್ನು ಎಸೆದು ಬೇರೆ ಗಿಡ ಹುಡುಕುವ ಬದಲು ಅವರು ಅದನ್ನು ಕೊಯ್ದು ನೋಡಿದರು. ಮೈಯೊಳಗೆ ಅಲ್ಲಲ್ಲಿ ಕೀವುಗಟ್ಟಿದ ಗಂಟುಗಳು. ಆರೋಗ್ಯವಂತ ಇಲಿಗೆ ಸಾಮಾನ್ಯವಾಗಿ ತೊಂದರೆ ಕೊಡದ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯ ಅಲ್ಲಿ ಬೆಳೆದಿತ್ತು. ರಕ್ತ ಪರೀಕ್ಷಿಸಿದರೆ ಬಿಳಿ ರಕ್ತಕಣಗಳು ಕುಸಿದಿದ್ದವು, ಅವು ಹುಟ್ಟುವ ಮೂಳೆಮಜ್ಜೆ ಸೊರಗಿತ್ತು.

ಈ ಕಥೆಯ ತಿರುಳಿರುವುದು ಇಲ್ಲೇ. ಬಿಳಿ ರಕ್ತಕಣ ಅಂಕೆ ಮೀರಿ ಹೆಚ್ಚುವ ರೋಗವೇ ರಕ್ತದ ಕ್ಯಾನ್ಸರ್. ಅವನ್ನು ಇಷ್ಟು ಬೇಗ ತಗ್ಗಿಸುವ ವಸ್ತು ಆ ರೋಗಕ್ಕೆ ಏಕೆ ಆಗಬಾರದು? 1954ರಲ್ಲಿ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಜೊತೆಗೂಡಿದರು. ಎಲೆಯೊಳಗಿನ ಹತ್ತಾರು ಅಂಶಗಳಿಂದ ಆ ಒಂದನ್ನು ಬೇರ್ಪಡಿಸುವುದು ಬಹಳ ಶ್ರಮದ ಕೆಲಸ; ಚೂರು ಔಷಧಕ್ಕೆ ರಾಶಿ ರಾಶಿ ಎಲೆ ಬೇಕು. 1958ರ ಹೊತ್ತಿಗೆ ಈಗ ವಿನ್‌ಬ್ಲಾಸ್ಟಿನ್ ಎಂದು ಕರೆಯುವ ವಸ್ತು ಕೈಗೆ ಸಿಕ್ಕಿತು. ಅದೇ ಕಾಲಕ್ಕೆ ಅಮೆರಿಕದ ಇಲೈ ಲಿಲಿ ಕಂಪನಿಯೂ ಇದೇ ಗಿಡದ ಸಾರವನ್ನು ರಕ್ತದ ಕ್ಯಾನ್ಸರ್ ಬರಿಸಿದ ಚಿಟ್ಟಿಲಿಗಳಿಗೆ ಕೊಟ್ಟು, ಅವು ಹೆಚ್ಚು ದಿನ ಬದುಕುವುದನ್ನು ಕಂಡಿತ್ತು. ಅಲ್ಲಿ ಸಿಕ್ಕ ಸೋದರ ವಸ್ತು ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಬೇರೆ ಔಷಧಗಳ ಜೊತೆ ಅದನ್ನು ಇಂದಿಗೂ ಕೊಡುತ್ತಾರೆ.

ಈಗ ಸಕ್ಕರೆ ಕಾಯಿಲೆಯ ಮನೆಮದ್ದೊಂದನ್ನು ಪರೀಕ್ಷಿಸುವ ಕ್ರಮ ಇನ್ನಷ್ಟು ಕಟ್ಟುನಿಟ್ಟು. ನಮ್ಮ ದೇಶದಲ್ಲಿ ಮೊದಲು ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ತಂದ ಗಿಡ ಅದೇ ಹೌದೆಂದು ಸಸ್ಯಶಾಸ್ತ್ರ ಬಲ್ಲವರು ಖಚಿತಪಡಿಸಬೇಕು. ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ಸಾರ ತೆಗೆಯುತ್ತಾರೆ. ಸ್ಟ್ರೆಪ್ಟೊಜೋಟೊಸಿನ್ ಎಂಬ ರಾಸಾಯನಿಕ ಚುಚ್ಚಿದರೆ ಇಲಿಯ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳು ಸಾಯುತ್ತವೆ, ಸಕ್ಕರೆ ಏರುತ್ತದೆ. ಇಂಥ ಇಲಿಗಳಲ್ಲಿ ಒಂದು ಗುಂಪಿಗೆ ಮದ್ದಿಲ್ಲ, ಇನ್ನೊಂದಕ್ಕೆ ಅಂಗಡಿಯಲ್ಲಿ ಸಿಗುವ ಮಾತ್ರೆ, ಉಳಿದವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಸಾರ. ನುಣುಪಾದ ತುದಿಯ ಸೂಜಿಯಿಂದ ಅದನ್ನು ಬಾಯಿಯ ಮೂಲಕ ನೇರ ಹೊಟ್ಟೆಗೇ ಇಳಿಸುತ್ತಾರೆ. ಆಮೇಲೆ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ನಾವು ಮನೆಯಲ್ಲಿ ಬಳಸುವಂಥದೇ ಪಟ್ಟಿಯ ಮೇಲೆ ಹಾಕಿ ಸಕ್ಕರೆ ಅಳೆಯುತ್ತಾರೆ.

ಹೀಗೆ ಮಾಡಿದ ಕೆಲವು ಪ್ರಯೋಗಗಳಲ್ಲಿ ಕಾಶಿ ಕಣಗಿಲೆಯ ಸಾರ ಸಕ್ಕರೆ ಇಳಿಸಿದ್ದೂ ಉಂಟು. ರಾಬರ್ಟ್ ನೋಬಲ್ ಕಂಡದ್ದು ಸುಳ್ಳೆಂದು ಇದರ ಅರ್ಥವಲ್ಲ. ಸಾರ ತೆಗೆದ ಬಗೆ, ಕೊಟ್ಟ ಪ್ರಮಾಣ, ಇಲಿಗೆ ಕಾಯಿಲೆ ಬರಿಸಿದ ರೀತಿ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಪತ್ರಿಕೆಗಳಲ್ಲಿ ‘ಈ ಸೊಪ್ಪು ಮಧುಮೇಹಕ್ಕೆ ರಾಮಬಾಣ’ ಎಂಬ ತಲೆಬರಹ ಕಂಡಾಗ, ಎಷ್ಟು ಸೊಪ್ಪು, ಯಾವ ರೂಪದಲ್ಲಿ, ಎಂದು ಮೊದಲು ಕೇಳಬೇಕು.

ಪ್ರಮಾಣದ ಲೆಕ್ಕವನ್ನೇ ನೋಡಿ. ಇಲಿಗೆ ಕಿಲೋ ತೂಕಕ್ಕೆ 200 ಮಿಲಿಗ್ರಾಂ ಸಾರ ಕೊಟ್ಟರೆಂದುಕೊಳ್ಳೋಣ. ಸಣ್ಣ ಪ್ರಾಣಿಯ ದೇಹ ಔಷಧವನ್ನು ಬೇಗ ಕರಗಿಸಿಕೊಳ್ಳುವುದರಿಂದ, ಮನುಷ್ಯರಿಗೆ ಹೋಲಿಸುವಾಗ ಅದನ್ನು ಸುಮಾರು 6ರಿಂದ ಭಾಗಿಸುವುದು ರೂಢಿ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 2 ಗ್ರಾಂ ಸಾರ ಆಯಿತು. 100 ಗ್ರಾಂ ಒಣ ಎಲೆಯಿಂದ 10 ಗ್ರಾಂ ಸಾರ ಸಿಗುವುದಾದರೆ, 20 ಗ್ರಾಂ ಒಣ ಎಲೆ ಬೇಕು. ಬೆಳಗ್ಗೆ ಅಗಿಯುವ ಒಂದೆರಡು ಹಸಿ ಎಲೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಇಲಿಯಿಂದ ತಿಳಿಯದ ಸಂಗತಿಗಳೂ ಇವೆ. ಇಲಿ ವಾಂತಿ ಮಾಡಲಾರದು, ಹಾಗಾಗಿ ಮದ್ದು ಹೊಟ್ಟೆ ತೊಳಸಿದರೂ ಕಣ್ಣಿಗೆ ಬೀಳುವುದಿಲ್ಲ. ವಿನ್‌ಕ್ರಿಸ್ಟಿನ್ ನರಗಳಿಗೆ ಪೆಟ್ಟು ಕೊಡುತ್ತದೆ. ಬೆರಳ ತುದಿ ಜೋಮು ಹಿಡಿದಿದೆ, ಅಂಗಿಯ ಗುಂಡಿ ಹಾಕಲಾಗುತ್ತಿಲ್ಲ ಎಂದು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಆಸ್ಪತ್ರೆಯಲ್ಲಿ ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಟ್ಟು, ರಕ್ತಕಣಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಎಲೆಯಲ್ಲಿ ಅದು ಇರುವುದು ತೀರಾ ಸ್ವಲ್ಪ, ಆದರೆ ಗಿಡದಿಂದ ಗಿಡಕ್ಕೆ ಬೇರೆ. ಸಕ್ಕರೆ ಕಾಯಿಲೆಯಿಂದಲೇ ಪಾದ ಜೋಮುಗಟ್ಟಿದವರು, ಗರ್ಭಿಣಿಯರು, ಮಾತ್ರೆ ನಿಲ್ಲಿಸಿ ಎಲೆ ನೆಚ್ಚಿಕೊಂಡವರು ಈ ಗಿಡ ಬಾಯಿಗೆ ಹಾಕುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು.