ಎಲ್ಲರೂ ಮುಂದಕ್ಕೆ ನೋಡುವ ದೋಣಿ

ನಾನಿರೋ ಲಿಟಲ್ ಎಲ್ಮ್ ಊರು ಡಲ್ಲಾಸ್‌ನ ಉತ್ತರಕ್ಕೆ, ಲೂಯಿಸ್‌ವಿಲ್ ಸರೋವರದ ದಡದಲ್ಲಿದೆ. ದೋಣಿಗಳು ಇಲ್ಲಿ ದಿನನಿತ್ಯದ ನೋಟ. ಇವತ್ತಿನ ವಿಷಯವೂ ಒಂದು ದೋಣಿಯದೇ.

ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರಿಗೆ ನಮ್ಮ ಮನೆಗಳಲ್ಲಿ ಮೊದಲು ಏನು ಹೇಳ್ತೀವಿ? "ಭಾರ ಎತ್ತಬೇಡಮ್ಮಾ, ಸುಮ್ನೆ ಕೂತ್ಕೋ." ಇದು ಬರೀ ಮನೆಮಾತಲ್ಲ, ಬಹಳ ಕಾಲ ವೈದ್ಯರೂ ಇದನ್ನೇ ಹೇಳುತ್ತಿದ್ದರು. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದರೆ ಅಥವಾ ಅಲ್ಲಿಗೆ ವಿಕಿರಣ ಕೊಟ್ಟರೆ, ತೋಳಿನಿಂದ ದುಗ್ಧರಸ ಹರಿದುಹೋಗುವ ದಾರಿಗೆ ಅಡ್ಡಿಯಾಗಬಹುದು. ಆಗ ರಸ ನಿಂತು ಕೈ ಊದಿಕೊಳ್ಳುತ್ತದೆ. ಇದೇ ಲಿಂಫೆಡೀಮಾ. ಕೈಗೆ ಶ್ರಮ ಕೊಟ್ಟರೆ ಇದು ಬರುತ್ತದೆ ಅನ್ನೋದು ಅಂದಿನ ನಂಬಿಕೆ.

1996ರಲ್ಲಿ ಕೆನಡಾದ ವ್ಯಾಂಕೂವರ್‌ನ ಕ್ರೀಡಾವೈದ್ಯ ಡಾನ್ ಮೆಕೆಂಜಿ ಆ ನಂಬಿಕೆಯನ್ನು ಪರೀಕ್ಷಿಸಲು ಹೊರಟರು. ಚಿಕಿತ್ಸೆ ಮುಗಿಸಿದ್ದ 24 ಮಹಿಳೆಯರಿಗೆ ತರಬೇತಿ ಕೊಟ್ಟು ಡ್ರ್ಯಾಗನ್ ಬೋಟ್ ಹತ್ತಿಸಿದರು. ಚೀನಾ ಮೂಲದ ಈ ಉದ್ದ ದೋಣಿಯಲ್ಲಿ 20 ಜನ ಜೋಡಿಜೋಡಿಯಾಗಿ ಕೂತು, ಡ್ರಮ್ಮಿನ ತಾಳಕ್ಕೆ ಹುಟ್ಟು ಹಾಕಬೇಕು. ಕೈಗೆ ಸಿಕ್ಕಾಪಟ್ಟೆ ಕೆಲಸ! ಆದರೂ ಒಬ್ಬರಿಗೂ ಹೊಸದಾಗಿ ಊತ ಬರಲಿಲ್ಲ.

24 ಜನ ಅಂದರೆ ಸಣ್ಣ ಗುಂಪೇ. ಆದರೆ 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈಗಾಗಲೇ ಲಿಂಫೆಡೀಮಾ ಇದ್ದ 141 ಮಹಿಳೆಯರಿದ್ದರು. ನಿಧಾನವಾಗಿ ಹೆಚ್ಚಿಸುತ್ತಾ ತೂಕ ಎತ್ತಿದವರಲ್ಲಿ ಊತ ಜಾಸ್ತಿಯಾಗಲಿಲ್ಲ. ಬದಲಿಗೆ, ಅದು ಉಲ್ಬಣಿಸಿದ ಸಂದರ್ಭಗಳು ಎತ್ತದವರಿಗಿಂತ ಕಡಿಮೆ ಇದ್ದವು.

ಇದು ಕೈಯ ಮಾತಾಯ್ತು. ಮನಸ್ಸಿನ ಕಥೆ ಏನು?

ಗದ್ದೆ ನಾಟಿ ಮಾಡುವಾಗ ಹೆಂಗಸರು ಒಟ್ಟಿಗೆ ಹಾಡಿಕೊಂಡು ಹೆಜ್ಜೆ ಇಟ್ಟರೆ ಸೊಂಟನೋವು ಅಷ್ಟಾಗಿ ಗೊತ್ತಾಗಲ್ಲ ಅಂತಾರಲ್ಲ, ಅದರ ಹಿಂದೆ ಜೀವಶಾಸ್ತ್ರವೂ ಇರಬಹುದು. ಆಕ್ಸ್‌ಫರ್ಡ್‌ನ ಸಂಶೋಧಕರು ದೋಣಿ ಓಡಿಸುವ 12 ಪುರುಷರನ್ನು ಪರೀಕ್ಷಿಸಿದರು. ಅಷ್ಟೇ ಶ್ರಮವನ್ನು ಒಂಟಿಯಾಗಿ ಮಾಡಿದಾಗಿಗಿಂತ ಒಂದೇ ಲಯದಲ್ಲಿ ಜೊತೆಯಾಗಿ ಮಾಡಿದಾಗ ಅವರು ನೋವನ್ನು ಹೆಚ್ಚು ತಾಳಿಕೊಂಡರು. ಮಿದುಳಿನ ಎಂಡಾರ್ಫಿನ್ ಇದಕ್ಕೆ ಕಾರಣವಿರಬಹುದು ಅನ್ನೋದು ಅವರ ಊಹೆ.

ಇನ್ನೊಂದು ವಿಷಯ. ಕಾಯಿಲೆಯ ಬಗ್ಗೆ ಎದುರುಬದುರು ಕೂತು ಮಾತಾಡೋದು ಎಲ್ಲರಿಗೂ ಆಗಿಬರಲ್ಲ. ನಮ್ಮಲ್ಲಂತೂ ಆ ಹೆಸರನ್ನೇ ಪಿಸುಗುಟ್ಟುತ್ತೇವೆ. ಈ ದೋಣಿಯಲ್ಲಿ ಹುಟ್ಟು ಹಾಕುವವರೆಲ್ಲ ಕೂರೋದು ಮುಂದಕ್ಕೆ ಮುಖ ಮಾಡಿ. ಅಕ್ಕಪಕ್ಕದವರಿಗೆ ಎಲ್ಲಾ ಗೊತ್ತು, ವಿವರಿಸಬೇಕಿಲ್ಲ. ಮನೆಯಲ್ಲಿ "ಪಾಪ" ಅನ್ನಿಸಿಕೊಂಡವರ ತೋಳನ್ನು ಇಲ್ಲಿ 19 ಜನ ನೆಚ್ಚಿಕೊಂಡಿರುತ್ತಾರೆ.

ಒಂದು ಎಚ್ಚರಿಕೆ. ಇಂಥ ತಂಡ ಸೇರುವವರು ಮೊದಲೇ ಗಟ್ಟಿಗರಿರಬಹುದು, ಹಾಗಾಗಿ ಲಾಭವೆಲ್ಲ ದೋಣಿಯದೇ ಅನ್ನಲಾಗದು. ಖಿನ್ನತೆ ಇದ್ದರೆ ಚಿಕಿತ್ಸೆ ಬೇಕೇ ಬೇಕು.

ದೋಣಿಯೇ ಆಗಬೇಕೆಂದೂ ಇಲ್ಲ. ಥ್ರೋಬಾಲ್ ಆದರೂ ಸರಿ. ನಿಮ್ಮ ಮನೆಯಲ್ಲಿ ಯಾರಾದರೂ ಚಿಕಿತ್ಸೆ ಮುಗಿಸಿದ್ದರೆ, "ಸುಮ್ನೆ ಕೂತ್ಕೋ" ಅನ್ನೋ ಮೊದಲು ಅವರ ಜೊತೆ ವೈದ್ಯರ ಹತ್ತಿರ ಹೋಗಿ ಕೇಳಿ: "ಯಾವಾಗ ಶುರು ಮಾಡಬಹುದು? ಎಷ್ಟರಿಂದ?"