ಪಿಎಂಪಿ ಪರೀಕ್ಷೆಗೆ ಮುಂಚಿನ ಹತ್ತು ದಿನ

ಕಳೆದ ಸಲ ಕಾಲೇಜಿಗೆ ಬಂದಿದ್ದಾಗ ದ್ವಿತೀಯ ಪಿಯುಸಿ ಹುಡುಗನೊಬ್ಬ ಕೇಳಿದ: "ಅಣ್ಣಾ, ನೀವು ಪಾಸಾದ ಪಿಎಂಪಿ ಅಂದರೆ ಪ್ರಧಾನ ಮಂತ್ರಿ ಯೋಜನೆಯಾ?" ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಇದೇ ಬೆಂಚಿನಲ್ಲಿ ಕೂತಿದ್ದ ಕಾಲದಲ್ಲಿ ನನಗೆ ಅಷ್ಟೂ ಗೊತ್ತಿರಲಿಲ್ಲ. ಆ ಹುಡುಗನಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಬರೆಯಲು ಸಂಪಾದಕ ಮಂಡಳಿಯವರು ಹೇಳಿದರು.

ಪಿಎಂಪಿ ಎಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್. 1969ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 1984ರಿಂದ ಈ ಪ್ರಮಾಣಪತ್ರ ಕೊಡುತ್ತಿದೆ. ಸೇತುವೆ, ಸಾಫ್ಟ್‌ವೇರ್, ಆಸ್ಪತ್ರೆ, ಏನೇ ಕಟ್ಟುವುದಿರಲಿ, ಅದನ್ನು ಹೇಳಿದ ಸಮಯಕ್ಕೆ, ಹೇಳಿದ ಖರ್ಚಿನಲ್ಲಿ ಮುಗಿಸಬಲ್ಲವರು ಇವರು ಎಂಬುದಕ್ಕೆ ಅದೊಂದು ಗುರುತು. ನಾನು ಬರೆದದ್ದು 2023ರಲ್ಲಿ. 180 ಪ್ರಶ್ನೆ, 230 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಫೀಸು ಮಾತ್ರ ನನ್ನ ಅಳತೆಗೆ ಜಾಸ್ತಿಯಾಗಿತ್ತು. ತಂಗಿಯ ಬಿ.ಎಡ್. ಸೇರ್ಪಡೆಗೆಂದು ಇಟ್ಟಿದ್ದ ದುಡ್ಡಿನಿಂದ ಒಂದಿಷ್ಟು ತೆಗೆದೆ. ಅವಳೇ ಕೊಟ್ಟಳು, "ಫೇಲಾದರೆ ಬಡ್ಡಿ ಸಮೇತ ಕೊಡಬೇಕು" ಎಂದಳು. ಹಾಗಾಗಿ ಪರೀಕ್ಷೆಗೆ ಹತ್ತು ದಿನ ಇದ್ದಾಗ ಬರೆದ ಮಾದರಿ ಪರೀಕ್ಷೆಯಲ್ಲಿ 180ಕ್ಕೆ 107 ಬಂದದ್ದನ್ನು ಮನೆಯಲ್ಲಿ ಹೇಳಲು ಧೈರ್ಯವಾಗಲಿಲ್ಲ.

ನಾನು ಮಾಡಿದ್ದ ತಪ್ಪು ನಿಮಗೆಲ್ಲ ಪರಿಚಿತವಾದದ್ದೇ. ಆ ಸಂಸ್ಥೆಯ ಮಾರ್ಗದರ್ಶಿ ಪುಸ್ತಕದ ಆರನೇ ಆವೃತ್ತಿಯಲ್ಲಿ 49 ಪ್ರಕ್ರಿಯೆಗಳ ಒಂದು ಪಟ್ಟಿಯಿದೆ. ಎರಡು ತಿಂಗಳು ಅದನ್ನು ಮಗ್ಗಿಯಂತೆ ಉರು ಹೊಡೆದಿದ್ದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಅದನ್ನು ಯಾರೂ ನೇರವಾಗಿ ಕೇಳುವುದಿಲ್ಲ!

ಹೊಸ ಪುಸ್ತಕ ತೆರೆಯುವ ಬದಲು ಆ ರಾತ್ರಿ ತಪ್ಪಾದ 73 ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಪ್ರತಿಯೊಂದರ ಪಕ್ಕ ಯಾಕೆ ತಪ್ಪಾಯಿತು ಎಂದು ಒಂದೇ ಸಾಲು. ಸೂತ್ರ ಮರೆತದ್ದು 9. ಪದವೇ ಗೊತ್ತಿಲ್ಲದ್ದು 14. ಉಳಿದ 50 ಒಂದೇ ಬಗೆಯವು: ಇಂಥದೊಂದು ಸಮಸ್ಯೆ ಬಂದಿದೆ, ನೀವು ಮೊದಲು ಏನು ಮಾಡುತ್ತೀರಿ? ನಾಲ್ಕು ಉತ್ತರಗಳೂ ಸರಿಯೇ ಅನ್ನಿಸುತ್ತವೆ. ಪ್ರಶ್ನೆಯ ಜೀವ ಇರುವುದು "ಮೊದಲು" ಎಂಬ ಪದದಲ್ಲಿ.

ಒಂದು ಉದಾಹರಣೆ ನಾನೇ ಕಟ್ಟಿ ಹೇಳುತ್ತೇನೆ. ಸಾಮಾನು ತರುವ ಲಾರಿಗಳ ಧೂಳು ಬೆಳೆಗೆ ಬೀಳುತ್ತದೆಂದು ಊರಿನವರು ರಸ್ತೆ ತಡೆದಿದ್ದಾರೆ. ಪೊಲೀಸರಿಗೆ ದೂರು ಕೊಡುವುದೇ? ಬೇರೆ ದಾರಿಯಲ್ಲಿ ಲಾರಿ ಕಳಿಸುವುದೇ? ಮೇಲಧಿಕಾರಿಗೆ ಪತ್ರ ಬರೆಯುವುದೇ? ಅಥವಾ ಹೋಗಿ ಅವರ ಮಾತು ಕೇಳುವುದೇ? ಇಂಥ ಕಡೆ ನಾನು ಪ್ರತಿ ಸಲವೂ ಮೇಲಧಿಕಾರಿಯನ್ನು ಹುಡುಕುತ್ತಿದ್ದೆ. ತಮಾಷೆಯೆಂದರೆ ಕೆಲಸದ ಜಾಗದಲ್ಲಿ ನಾನು ಹಾಗೆ ಮಾಡಿದವನೇ ಅಲ್ಲ. ಪಾವಗಡ ತಾಲ್ಲೂಕಿನಲ್ಲಿ ಸೋಲಾರ್ ಕೆಲಸಕ್ಕಿದ್ದಾಗ ಇಂಥದ್ದೆಲ್ಲ ಮುಗಿಯುತ್ತಿದ್ದುದು ಹಿರಿಯರೊಂದಿಗೆ ಟೀ ಅಂಗಡಿಯಲ್ಲಿ ಕೂತು. ಕಾಗದದ ಮೇಲೆ ಬಂದ ಕೂಡಲೇ ಬುದ್ಧಿ ಬೇರೆ ಆಗುತ್ತಿತ್ತು. ನೋಡು, ಸಂಬಂಧಪಟ್ಟವರೊಂದಿಗೆ ಮಾತಾಡು, ಆಮೇಲೆ ಬದಲಾಯಿಸು, ಅದೂ ಆಗದಿದ್ದರೆ ಮೇಲಕ್ಕೆ ಹೋಗು: ಆ 50ರಲ್ಲಿ ಬಹುಪಾಲು ಈ ಕ್ರಮ ತಪ್ಪಿದ್ದರಿಂದಲೇ ಹೋಗಿದ್ದವು.

ಎರಡನೇ ದಿನ ತಂಗಿಗೆ ವಿಷಯ ತಿಳಿಯಿತು. "ನನಗೆ ಅರ್ಥವಾಗುವ ಹಾಗೆ ಹೇಳು, ಹೇಳಲಾಗದಿದ್ದರೆ ನಿನಗೂ ಬರೋಲ್ಲ ಅಂತಲೇ" ಎಂದು ಎದುರು ಕೂತಳು. ಪಠ್ಯದ ಉದಾಹರಣೆಗಳು ಅವಳಿಗೆ ಹಿಡಿಸಲಿಲ್ಲ. ಹಾಗಾಗಿ ನಮ್ಮ ಪಾವಗಡದ ಸೋಲಾರ್ ಪಾರ್ಕನ್ನೇ ಹಿಡಿದೆವು. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕಿನ ನೀವು ಅದನ್ನು ಬಸ್ಸಿನ ಕಿಟಕಿಯಿಂದಲಾದರೂ ನೋಡಿರುತ್ತೀರಿ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಇದಕ್ಕೆಂದೇ 2015ರಲ್ಲಿ ಒಂದು ನಿಗಮ ಆಯಿತು. ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಎಲ್ಲ ಮುಗಿಯಿತು.

ಇದರಲ್ಲಿ ಇಡೀ ಪಠ್ಯಕ್ರಮವೇ ಇದೆ. ಇಷ್ಟು ದೊಡ್ಡ ಯೋಜನೆಗೆ ಮೊದಲ ಅಪಾಯ ಜಮೀನು. ರೈತ ಮಾರಲು ಒಪ್ಪದಿದ್ದರೆ ಕೋರ್ಟು, ಧರಣಿ, ವರ್ಷಗಟ್ಟಲೆ ತಡ. ಇಲ್ಲಿ ಜಮೀನನ್ನು ಕೊಳ್ಳಲೇ ಇಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ಒಡೆತನ ರೈತನದೇ. ಅಪಾಯ ಬಂದ ಮೇಲೆ ಎದುರಿಸುವುದಲ್ಲ, ಬರುವ ದಾರಿಯನ್ನೇ ಬದಲಾಯಿಸುವುದು. ಪಠ್ಯದಲ್ಲಿ ಅದಕ್ಕೆ ರಿಸ್ಕ್ ಅವಾಯ್ಡೆನ್ಸ್ ಎನ್ನುತ್ತಾರೆ. ಇನ್ನು ಫಲಕಗಳನ್ನು ಎಷ್ಟು ಬೇಗ ಹಾಸಿದರೂ ಸಬ್‌ಸ್ಟೇಷನ್ ಮತ್ತು ಲೈನ್ ಸಿದ್ಧವಿಲ್ಲದಿದ್ದರೆ ಕರೆಂಟ್ ಹೊರಗೆ ಹೋಗದು. ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಯೋಜನೆ ಒಂದು ದಿನ ತಡವಾಗುತ್ತದೋ ಅಂಥ ಕೆಲಸಗಳ ಸರಪಳಿಯೇ ಕ್ರಿಟಿಕಲ್ ಪಾತ್.

ಸ್ಟೇಕ್‌ಹೋಲ್ಡರ್ ಎಂಬಲ್ಲಿ ತಂಗಿ ನನ್ನನ್ನು ಹಿಡಿದಳು. ಯೋಜನೆಯಿಂದ ಒಳಿತೋ ಕೆಡುಕೋ ಆಗುವ ಪ್ರತಿಯೊಬ್ಬರೂ ಆ ಪಟ್ಟಿಯಲ್ಲಿರಬೇಕು ಎಂದು ಹೇಳಿ, ಸರ್ಕಾರ, ಕಂಪನಿ, ಬ್ಯಾಂಕು, ಜಮೀನಿನ ರೈತರು ಎಂದು ಎಣಿಸಿದೆ. "ಆ ಹೊಲದಲ್ಲಿ ಕಡಲೆಕಾಯಿ ಕಳೆ ಕೀಳುತ್ತಿದ್ದ ಕೂಲಿಯವರು?" ಎಂದಳು. ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು. ಜಮೀನಿಲ್ಲದೆ ಅದೇ ಹೊಲವನ್ನು ನಂಬಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಕೊಡುವವರು ಯಾರು? ಅಲ್ಲಿಯೇ ಕೆಲಸ ಮಾಡಿದ ನಾನು ಅವರನ್ನು ಪಟ್ಟಿಯಲ್ಲಿ ಬರೆದಿರಲಿಲ್ಲ. ಆ ಒಂದು ಪ್ರಶ್ನೆಯಿಂದ ಕಲಿತಷ್ಟನ್ನು ಆ ಎರಡು ತಿಂಗಳ ಉರುವಿನಿಂದ ಕಲಿತಿರಲಿಲ್ಲ.

ಸೂತ್ರಗಳಿಗೆ ಒಂದೇ ಸಂಜೆ ಸಾಕಾಯಿತು. ವಾಣಿಜ್ಯದವರಿಗೆ ಇದು ಇಷ್ಟವಾದೀತು. 100 ಮೀಟರ್ ಕಾಂಪೌಂಡ್ ಗೋಡೆ, ಮೀಟರಿಗೆ 1,000 ರೂಪಾಯಿ, 10 ದಿನದ ಕೆಲಸ. 5 ದಿನ ಆಗಿದೆ, 50,000 ಖರ್ಚಾಗಿದೆ. ಮೇಸ್ತ್ರಿ "ಅರ್ಧ ದಿನ, ಅರ್ಧ ದುಡ್ಡು, ಎಲ್ಲ ಸರಿಯಿದೆ" ಎನ್ನುತ್ತಾನೆ. ಹೋಗಿ ಅಳೆದರೆ ಗೋಡೆ 40 ಮೀಟರ್. ಅಂದರೆ ಆಗಿರುವ ಕೆಲಸದ ಬೆಲೆ 40,000. ಇದೇ ಅರ್ನ್ಡ್ ವ್ಯಾಲ್ಯೂ. ಅದನ್ನು ಖರ್ಚಿನಿಂದ ಭಾಗಿಸಿದರೆ 0.8. ಹೀಗೆಯೇ ನಡೆದರೆ ಒಂದು ಲಕ್ಷದ ಗೋಡೆಗೆ ಒಂದು ಲಕ್ಷವನ್ನು 0.8ರಿಂದ ಭಾಗಿಸಿದಷ್ಟು, ಎಂದರೆ 1,25,000 ಬೇಕು. ಮನೆ ಕಟ್ಟಿಸುವಾಗ ಅಬ್ಬಾಜಾನ್‌ಗೆ ಇದು ಗೊತ್ತಿದ್ದಿದ್ದರೆ!

ಕೊನೆಯ ಗಂಡಾಂತರ ಓದಿಗೆ ಸಂಬಂಧಿಸಿದ್ದಲ್ಲ. ನಾಲ್ಕು ದಿನ ಇರುವಾಗ ಗುರುತಿನ ದಾಖಲೆ ತೆಗೆದು ನೋಡಿದೆ. ಅರ್ಜಿಯಲ್ಲಿ ಕೊನೆಯ ಹೆಸರಾಗಿ ತಂದೆಯ ಹೆಸರು ಹಾಕಿದ್ದೆ. ಪಾಸ್‌ಪೋರ್ಟ್‌ನಲ್ಲಿ ಆ ಜಾಗ ಖಾಲಿ. ಹೆಸರು ಹೊಂದದಿದ್ದರೆ ಬಾಗಿಲಿನಿಂದಲೇ ವಾಪಸ್, ಫೀಸೂ ಹೋದಂತೆ. ಪತ್ರ, ಫೋನು ಎಂದು ಎರಡು ದಿನ ಒದ್ದಾಡಿ ಸರಿಪಡಿಸಿಕೊಂಡೆ. ನಮ್ಮಲ್ಲಿ ಒಂದೇ ಹೆಸರು ಒಂದು ದಾಖಲೆಯಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಮಹಮದ್, ಮತ್ತೊಂದರಲ್ಲಿ ಬರೀ ಇನಿಶಿಯಲ್. ಸಿಇಟಿ, ನೀಟ್ ಅರ್ಜಿ ತುಂಬುವ ಮುಂಚೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ. ಇದನ್ನು ಇಂದೇ ಮಾಡಿ.

ಹಿಂದಿನ ಸಂಜೆಯೇ ಬೆಂಗಳೂರು ಸೇರಿದೆ. ರಾತ್ರಿ ಏನೂ ಓದಲಿಲ್ಲ. ಪರೀಕ್ಷೆಯಲ್ಲಿ 60 ಪ್ರಶ್ನೆಗೊಮ್ಮೆ ಹತ್ತು ನಿಮಿಷದ ವಿರಾಮ ಸಿಗುತ್ತಿತ್ತು, ಆದರೆ ವಿರಾಮಕ್ಕೆ ಎದ್ದ ಮೇಲೆ ಹಿಂದಿನ 60ಕ್ಕೆ ಮರಳುವಂತಿರಲಿಲ್ಲ. ಪ್ರತಿ 60ಕ್ಕೆ 76 ನಿಮಿಷ ಎಂದು ಹಂಚಿಕೊಂಡಿದ್ದೆ. ನಡುವಿನ 60ರಲ್ಲಿ ಕೈ ನಡುಗಿತು, ನಾಲ್ಕು ಪ್ರಶ್ನೆಗೆ ಊಹೆಯಿಂದಲೇ ಗುರುತು ಹಾಕಿದೆ. ಮುಗಿದಾಗ ಪಾಸ್ ಎಂದು ಗೊತ್ತಾಗಿ ಮೊದಲು ಫೋನ್ ಮಾಡಿದ್ದು ಸಾಲ ಕೊಟ್ಟವಳಿಗೆ.

ಪಿಎಂಪಿಗೆ ಯೋಜನೆ ನಡೆಸಿದ ವರ್ಷಗಳ ಅನುಭವ ಬೇಕು, ನಿಮಗೆ ಈಗ ಸಿಗದು. ಅದೇ ಸಂಸ್ಥೆಯ ಸಿಎಪಿಎಂ ಎಂಬ ಆರಂಭಿಕ ಪರೀಕ್ಷೆಗೆ ಅನುಭವ ಬೇಡ. ಪಿಯುಸಿ ಮುಗಿಸಿ, 23 ಗಂಟೆಗಳ ತರಬೇತಿ ಪಡೆದರೆ ಬರೆಯಬಹುದು. 150 ಪ್ರಶ್ನೆ, ಮೂರು ಗಂಟೆ. ಅದಕ್ಕೂ ಫೀಸು ಕಡಿಮೆಯೇನಲ್ಲ, ಪದವಿಯ ಕೊನೆಯ ವರ್ಷದವರೆಗೆ ಕಾಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

73 ತಪ್ಪುಗಳ ಆ ನೋಟ್‌ಬುಕ್ಕನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ನೀಲಿ ಶಾಯಿ ನನ್ನದು, ಅಂಚಿನಲ್ಲಿರುವ ಕೆಂಪು ಪ್ರಶ್ನೆಗಳು ತಂಗಿಯವು. ಅದರಲ್ಲಿ ಕೆಲವಕ್ಕೆ ನಾನು ಇನ್ನೂ ಉತ್ತರ ಬರೆದಿಲ್ಲ.